ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಟೆನಿಸ್ ಕೋಚ್ ಕೆಲಸವೆಂದರೆ ಏನೇನು?

ಅಮೆರಿಕದ ಕಾಲೇಜುಗಳ ಪುರುಷರ ಟೆನಿಸ್ ತಂಡಗಳ ಬಗ್ಗೆ, ಅವನ್ನು ನಡೆಸುವ ಕೋಚ್‌ಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ. ಬೇರೆ ಹೇಳದ ಕಡೆಯೆಲ್ಲ ನಿಯಮಗಳು, ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲಿನ ದರ್ಜೆಯಾದ ಡಿವಿಷನ್ 1ಕ್ಕೆ ಸೇರಿದವು ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಅಣ್ಣನ ಮಗ ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಸಹಾಯಕ ಟೆನಿಸ್ ಕೋಚ್. ಯಾವಾಗ ಫೋನ್ ಮಾಡಿದರೂ ವ್ಯಾನ್ ಓಡಿಸುತ್ತಿರುತ್ತಾನೆ, ಇಲ್ಲವೇ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾನೆ. ಹುಡುಗರಿಗೆ ಆಟ ಹೇಳಿಕೊಡುವುದು ಯಾವಾಗ?

ಹೇಳಿಕೊಡಬೇಕೆಂದರೂ ಅದಕ್ಕೆ ಅಳತೆ ಇದೆ. ಸೀಸನ್ ನಡೆಯುವಾಗ ಒಬ್ಬ ಆಟಗಾರನನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಿ ತೊಡಗಿಸುವಂತಿಲ್ಲ. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಡಬೇಕು. ಜಿಮ್, ವಿಡಿಯೊ ನೋಡುವುದು, ಕೋರ್ಟ್ ಅಭ್ಯಾಸ ಎಲ್ಲವೂ ಈ 20ರ ಲೆಕ್ಕಕ್ಕೇ ಬರುತ್ತವೆ. ಮ್ಯಾಚ್ ಐದು ಗಂಟೆ ಎಳೆದರೂ ಆ ದಿನಕ್ಕೆ ಬರೆಯುವುದು 3 ಗಂಟೆ. ಸೀಸನ್ ಇಲ್ಲದ ವಾರಗಳಲ್ಲಿ ಮಿತಿ 8 ಗಂಟೆಗೆ ಇಳಿಯುತ್ತದೆ. ಇಡೀ ವರ್ಷದ ಸೀಸನ್ನೇ 144 ದಿನಗಳ ಚೌಕಟ್ಟಿನಲ್ಲಿ ಮುಗಿಯಬೇಕು. ಆಗಸ್ಟ್ ಕೊನೆಯಲ್ಲಿ ಹುರುಪಿನಿಂದ ದಿನಗಳನ್ನು ಖರ್ಚು ಮಾಡಿದ ಕೋಚ್‌ಗೆ ಏಪ್ರಿಲ್ ಹೊತ್ತಿಗೆ ಕೈ ಕಟ್ಟಿದಂತಾಗುತ್ತದೆ.

ವರ್ಷ ಹೀಗೆ ಸಾಗುತ್ತದೆ. ಶರತ್ಕಾಲ ವೈಯಕ್ತಿಕ ಟೂರ್ನಿಗಳದ್ದು. ಅಕ್ಟೋಬರ್‌ನಲ್ಲಿ ಐಟಿಎ ಪ್ರಾದೇಶಿಕ ಟೂರ್ನಿ ಬರುತ್ತದೆ. ಐಟಿಎ ಎಂದರೆ 1956ರಲ್ಲಿ ಹುಟ್ಟಿದ ಕಾಲೇಜು ಟೆನಿಸ್ ಕೋಚ್‌ಗಳ ಸಂಸ್ಥೆ. ಮೊದಲು ಮೇ ತಿಂಗಳಲ್ಲಿ ನಡೆಯುತ್ತಿದ್ದ ಎನ್‌ಸಿಎಎ ಸಿಂಗಲ್ಸ್, ಡಬಲ್ಸ್ ಚಾಂಪಿಯನ್‌ಷಿಪ್ 2024ರಲ್ಲಿ ಪ್ರಾಯೋಗಿಕವಾಗಿ ನವೆಂಬರ್‌ಗೆ ಸರಿಯಿತು. ಜನವರಿಯಿಂದ ತಂಡಗಳ ನಡುವಿನ ಮ್ಯಾಚ್‌ಗಳು, ಫೆಬ್ರುವರಿಯಲ್ಲಿ ರಾಷ್ಟ್ರೀಯ ಒಳಾಂಗಣ ತಂಡ ಟೂರ್ನಿ, ಮಾರ್ಚ್ ಏಪ್ರಿಲ್‌ನಲ್ಲಿ ಕಾನ್ಫರೆನ್ಸ್ (ತಮ್ಮ ಗುಂಪಿನ ಕಾಲೇಜುಗಳ ನಡುವಿನ) ಮ್ಯಾಚ್‌ಗಳು. ಮೇ ತಿಂಗಳಲ್ಲಿ 64 ತಂಡಗಳ ಎನ್‌ಸಿಎಎ ಟೂರ್ನಿ. ಅದರಲ್ಲಿ ಮೊದಲ 16 ಶ್ರೇಯಾಂಕದವರಿಗೆ ಮೊದಲ ಎರಡು ಸುತ್ತು ತಮ್ಮ ಕ್ಯಾಂಪಸ್‌ನಲ್ಲೇ ಆಡುವ ಅನುಕೂಲ. ಬೇಸಿಗೆಯೆಲ್ಲ ಜೂನಿಯರ್ ಟೂರ್ನಿಗಳ ಸುತ್ತಾಟ, ಕ್ಯಾಂಪ್.

ಉಳಿದ ಹೊತ್ತು ಹೊಸ ಆಟಗಾರರ ಹುಡುಕಾಟ, ಪ್ರಯಾಣದ ಬುಕಿಂಗ್, ಗಂಟೆಗಳ ಲೆಕ್ಕ ಬರೆಯುವುದು, ಯಾವ ಹುಡುಗ ಯಾವ ಪರೀಕ್ಷೆ ತಪ್ಪಿಸಿಕೊಳ್ಳುತ್ತಾನೆಂದು ಪ್ರೊಫೆಸರ್‌ಗಳಿಗೆ ಮುಂಚಿತವಾಗಿ ತಿಳಿಸುವುದು, ದಾನಿಗಳ ಭೇಟಿ ಇವುಗಳಿಗೆ ಹೋಗುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ‘ಇಷ್ಟವಿದ್ದವರು ಬನ್ನಿ’ ಎನ್ನುವ ಅಭ್ಯಾಸದಲ್ಲಿ. ಹುಡುಗರು ತಾವಾಗಿ ಆಡಿಕೊಂಡರೆ ತೊಂದರೆಯಿಲ್ಲ. ಕೋಚ್ ಬೇಲಿ ಪಕ್ಕ ನಿಂತು ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದುಕೊಂಡ ಕ್ಷಣ ಅದು ಐಚ್ಛಿಕವಾಗಿ ಉಳಿಯುವುದಿಲ್ಲ, 20 ಗಂಟೆಯೊಳಗೆ ಸೇರುತ್ತದೆ. ನಿಯಮ ಮುರಿಯಬೇಕೆಂದು ಯಾರೂ ಹೊರಡುವುದಿಲ್ಲ, ಉತ್ಸಾಹದಲ್ಲೇ ಮುರಿದುಹೋಗುತ್ತದೆ.

ಪ್ರಶ್ನೆ: ಡಿವಿಷನ್ 3 ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದ್ದೇನೆ, ಈಗ ವಿದ್ಯಾರ್ಥಿ ವೀಸಾದಲ್ಲಿ ಸ್ನಾತಕೋತ್ತರ ಮುಗಿಯುತ್ತಿದೆ. ಕೋಚ್ ಆಗಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ?

ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಿ, ಆದರೆ ಯಾವ ಮೆಟ್ಟಿಲು ಎಂಬುದನ್ನು ನೋಡಿ ಆರಿಸಿ. ಓದುತ್ತಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗುವುದು ಹಳೆಯ ದಾರಿ. ಡಿವಿಷನ್ 2, ಡಿವಿಷನ್ 3, ಎನ್‌ಎಐಎ (ಸಣ್ಣ ಕಾಲೇಜುಗಳ ಬೇರೊಂದು ಕ್ರೀಡಾ ಸಂಸ್ಥೆ), ಎರಡು ವರ್ಷದ ಜೂನಿಯರ್ ಕಾಲೇಜುಗಳಲ್ಲಿ ಸಹಾಯಕನ ಹುದ್ದೆ ಇನ್ನೊಂದು. ಡಿವಿಷನ್ 1ರಲ್ಲಿ ಸಂಬಳವಿಲ್ಲದ ‘ವಾಲಂಟಿಯರ್ ಕೋಚ್’ ಎಂಬ ಜಾಗವೊಂದಿತ್ತು. 2023ರ ಜುಲೈನಿಂದ ಆ ಹೆಸರು ಹೋಗಿ ಅದು ಪೂರ್ಣ ಪ್ರಮಾಣದ ಮೂರನೇ ಕೋಚ್ ಹುದ್ದೆಯಾಗಿದೆ. ಎಲ್ಲ ಕಡೆಯೂ ಅದಕ್ಕೆ ಸರಿಯಾದ ಸಂಬಳವಿದೆ ಎಂದುಕೊಳ್ಳಬೇಡಿ, ಆಫರ್ ಪತ್ರ ಓದಿ.

ಸೀಸನ್ ಮೇ ತಿಂಗಳಲ್ಲಿ ಮುಗಿಯುವುದರಿಂದ ಹುದ್ದೆಗಳು ಖಾಲಿಯಾಗುವುದು ಮೇ, ಜೂನ್, ಜುಲೈನಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಹೆಸರು ನಾಲ್ಕು ಜನ ಕೋಚ್‌ಗಳಿಗೆ ಗೊತ್ತಿರಬೇಕು. ಡಿಸೆಂಬರ್‌ನ ಐಟಿಎ ಕೋಚ್‌ಗಳ ಸಮಾವೇಶ ಅದಕ್ಕೆ ಒಳ್ಳೆಯ ಜಾಗ. ಟೆನಿಸ್ ಕೋಚ್‌ಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಾದ ಪಿಟಿಆರ್ ಅಥವಾ ಆರ್‌ಎಸ್‌ಪಿಎ (ಹಿಂದಿನ ಯುಎಸ್‌ಪಿಟಿಎ) ಪ್ರಮಾಣಪತ್ರ ಮಾಡಿಕೊಳ್ಳಿ. ಪ್ರಥಮ ಚಿಕಿತ್ಸೆ, ಸಿಪಿಆರ್, ಎಇಡಿ (ಹೃದಯ ನಿಂತಾಗಿನ ತುರ್ತು ನೆರವು) ತರಬೇತಿಯನ್ನೂ ಮುಗಿಸಿ. ಎನ್‌ಸಿಎಎ ನಿಯಮಗಳ ಪರೀಕ್ಷೆ ಪಾಸಾಗದೆ ಕ್ಯಾಂಪಸ್ ಹೊರಗೆ ಆಟಗಾರರನ್ನು ಹುಡುಕಲು ಹೋಗುವಂತಿಲ್ಲ, ಅದು ಕೆಲಸ ಸಿಕ್ಕ ಮೇಲೆ.

ಹೆಡ್ ಕೋಚ್ ನಿಮ್ಮ ಅರ್ಜಿಯಲ್ಲಿ ಮೊದಲು ಹುಡುಕುವುದು ನಿಮ್ಮ ಫೋರ್‌ಹ್ಯಾಂಡನ್ನಲ್ಲ. ಯಾವ ದೇಶದ ಜೂನಿಯರ್ ಆಟಗಾರರ ಪರಿಚಯ ನಿಮಗಿದೆ, ಗಟ್ಟಿಂಗ್ (ರ‍್ಯಾಕೆಟ್‌ಗೆ ತಂತಿ ಕಟ್ಟುವುದು) ಮಾಡಬಲ್ಲಿರಾ, ವಿಡಿಯೊ ಕತ್ತರಿಸಿ ಅರ್ಧ ದಿನದಲ್ಲಿ ಕೊಡಬಲ್ಲಿರಾ, ವ್ಯಾನ್ ಓಡಿಸಲು ಚೊಕ್ಕ ಲೈಸೆನ್ಸ್ ಇದೆಯಾ, ಇವನ್ನು ಹುಡುಕುತ್ತಾರೆ. ಬಲ್ಲ ಭಾಷೆಗಳನ್ನೆಲ್ಲ ಬರೆಯಿರಿ. ಡಿವಿಷನ್ 1 ಪುರುಷರ ಟೆನಿಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ಹೊರದೇಶದವರು.

ವೀಸಾ ವಿಷಯದಲ್ಲಿ ಎಚ್ಚರ ಬೇಕು. ಓಪಿಟಿಯಲ್ಲಿ (ವಿದ್ಯಾರ್ಥಿ ವೀಸಾದಲ್ಲೇ ಓದಿಗೆ ಹೊಂದುವ ಕೆಲಸ ಮಾಡಲು ಸಿಗುವ ಅನುಮತಿ) ಸಿಗುವ 12 ತಿಂಗಳಲ್ಲಿ ಮಾಡುವ ಕೆಲಸ ನಿಮ್ಮ ಪದವಿಯ ವಿಷಯಕ್ಕೆ ಹೊಂದಬೇಕು. ಕ್ರೀಡಾ ನಿರ್ವಹಣೆ, ಕಿನೀಸಿಯಾಲಜಿ (ದೇಹಚಲನೆಯ ವಿಜ್ಞಾನ) ಓದಿದವರಿಗೆ ಹೊಂದಿಸುವುದು ಸುಲಭ, ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಕಷ್ಟ. ಯೂನಿವರ್ಸಿಟಿಗಳಿಗೆ ಎಚ್-1ಬಿಯ ವಾರ್ಷಿಕ ಲಾಟರಿ ಇಲ್ಲ ಎಂಬುದು ನಿಜ. ಆದರೆ ಈ ಹುದ್ದೆಗೆ ಇಂಥದ್ದೇ ಪದವಿ ಬೇಕು ಎಂದು ಅವರು ತೋರಿಸಬೇಕಾಗುತ್ತದೆ. ಕೋಚ್‌ಗಳ ಅರ್ಜಿ ಮುರಿದು ಬೀಳುವುದು ಇಲ್ಲೇ. ಕೆಲಸ ಒಪ್ಪಿಕೊಳ್ಳುವ ಮೊದಲೇ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಕೇಳಿ.

ಪ್ರಶ್ನೆ: ವೃತ್ತಿಪರನಾಗಿ ಆಡದವನು ದೊಡ್ಡ ಕೋಚ್ ಆಗಬಲ್ಲನೇ?

ಆಗಬಲ್ಲ. ಜಾರ್ಜಿಯಾ ಯೂನಿವರ್ಸಿಟಿಯ ಡ್ಯಾನ್ ಮ್ಯಾಗಿಲ್ ಕ್ರೀಡಾ ಪ್ರಚಾರ ವಿಭಾಗದ ಮನುಷ್ಯ. ಟೆನಿಸ್ ತಂಡವನ್ನು 1988ರವರೆಗೆ ಮೂರು ದಶಕಕ್ಕೂ ಮೀರಿ ನಡೆಸಿ 700ಕ್ಕೂ ಹೆಚ್ಚು ಮ್ಯಾಚ್ ಗೆದ್ದರು. 1985, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ನಮ್ಮ ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ಪರವಾಗಿ 2007, 2008ರಲ್ಲಿ ಸತತ ಎರಡು ಸಲ ಎನ್‌ಸಿಎಎ ಸಿಂಗಲ್ಸ್ ಗೆದ್ದಾಗ ಅಲ್ಲಿ ಕೋಚ್ ಆಗಿದ್ದವರು ಬ್ರಯಾನ್ ಬೋಲಂಡ್. ಅವರು ಆಡಿದ್ದೂ ಕೋಚಿಂಗ್ ಶುರು ಮಾಡಿದ್ದೂ ಇಂಡಿಯಾನಾ ಸ್ಟೇಟ್‌ನಲ್ಲಿ. ಅದೇನೂ ಟೆನಿಸ್‌ಗೆ ಹೆಸರಾದ ಜಾಗವಲ್ಲ.

ಪ್ರಶ್ನೆ: ಮಗನಿಗೆ 16 ವರ್ಷ. ಕೋಚ್‌ಗಳಿಗೆ ಮೂವತ್ತು ಇಮೇಲ್ ಕಳಿಸಿದೆವು, ಎರಡಕ್ಕೆ ಉತ್ತರ ಬಂತು. ಎಲ್ಲಿ ತಪ್ಪಿದ್ದೇವೆ?

ಮೊದಲು ಕ್ಯಾಲೆಂಡರ್ ನೋಡಿ. ಹತ್ತನೇ ತರಗತಿ ಮುಗಿದ ಬೇಸಿಗೆಯ ಜೂನ್ 15ಕ್ಕೆ ಮೊದಲು ಡಿವಿಷನ್ 1 ಕೋಚ್ ನೇಮಕಾತಿಯ ಬಗ್ಗೆ ಉತ್ತರಿಸುವಂತೆಯೇ ಇಲ್ಲ. ಆಗಸ್ಟ್ 1ರಿಂದ ಕ್ಯಾಂಪಸ್‌ಗೆ ಅಧಿಕೃತ ಭೇಟಿಗೆ ಕರೆಯಬಹುದು. ಅದಕ್ಕೆ ಮೊದಲು ಬರೆದಿದ್ದರೆ ಮೌನವನ್ನು ತಿರಸ್ಕಾರ ಅಂದುಕೊಳ್ಳಬೇಡಿ. ‘ಕಳಿಸಿದೆವು’ ಎಂದಿದ್ದೀರಿ, ಅದೂ ಕಾರಣವಿರಬಹುದು. ಇಮೇಲ್ ಹುಡುಗನೇ ಬರೆಯಬೇಕು. ಅಪ್ಪ ಅಮ್ಮ ಬರೆದ ಪತ್ರ ಕೋಚ್‌ಗೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.

ಪತ್ರ ಎಂಟು ಹತ್ತು ಸಾಲು ಮೀರುವುದು ಬೇಡ. ಶೀರ್ಷಿಕೆಯಲ್ಲೇ ಹೆಸರು, ಶಾಲೆ ಮುಗಿಸುವ ವರ್ಷ, ಯುಟಿಆರ್ (ಆಟದ ಮಟ್ಟ ತೋರಿಸುವ ರೇಟಿಂಗ್) ಇರಲಿ. ಒಳಗೆ ವರ್ಲ್ಡ್ ಟೆನಿಸ್ ನಂಬರ್ (ಅಂಥದ್ದೇ ಇನ್ನೊಂದು ರೇಟಿಂಗ್), ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ (ಐಟಿಎಫ್) ಜೂನಿಯರ್ ರ‍್ಯಾಂಕ್ ಇದ್ದರೆ ಅದು, ಅಂಕಗಳು, ಓದಬೇಕೆಂದಿರುವ ವಿಷಯ, ಮುಂದಿನ ಮೂರು ತಿಂಗಳಲ್ಲಿ ಆಡುವ ಟೂರ್ನಿಗಳು, ವಿಡಿಯೊ ಕೊಂಡಿ. ಆ ಕಾಲೇಜಿಗೇ ಏಕೆ ಬರಬೇಕೆಂದಿದ್ದಾನೆ ಎಂಬುದು ಒಂದು ಸಾಲು ಸಾಕು, ಆದರೆ ಅದು ಬೇರೆ ಕಾಲೇಜಿಗೆ ಹೊಂದದ ಸಾಲಾಗಿರಬೇಕು. ಒಂದೇ ಪತ್ರಕ್ಕೆ ಮೂವತ್ತು ಹೆಸರು ಅಂಟಿಸಿದರೆ ಎಲ್ಲೋ ಒಂದು ಕಡೆ ಹಳೆಯ ಕಾಲೇಜಿನ ಹೆಸರು ಉಳಿದೇ ಉಳಿಯುತ್ತದೆ.

ಯುಟಿಆರ್ ಎಂಬುದು 16.5ರವರೆಗಿನ ಅಳತೆ. ಹಿಂದಿನ 12 ತಿಂಗಳೊಳಗಿನ, ಹೆಚ್ಚೆಂದರೆ 30 ಮ್ಯಾಚ್‌ಗಳ ಮೇಲೆ ನಿಲ್ಲುತ್ತದೆ. ಅದು ಇಳಿದೀತೆಂಬ ಭಯಕ್ಕೆ ಆಡುವುದನ್ನೇ ನಿಲ್ಲಿಸುವ ಹುಡುಗರಿದ್ದಾರೆ. ಕೋಚ್ ಸಂಖ್ಯೆಯ ಜೊತೆಗೆ ಅದರ ಹಿಂದಿನ ಮ್ಯಾಚ್‌ಗಳ ಪಟ್ಟಿಯನ್ನೂ ತೆರೆದು ನೋಡುತ್ತಾರೆ. ಆರು ತಿಂಗಳು ಖಾಲಿ ಕಂಡರೆ ಗಾಯವೇ, ಭಯವೇ ಎಂಬ ಪ್ರಶ್ನೆ ಏಳುತ್ತದೆ.

ವಿಡಿಯೊ ಬಗ್ಗೆ. ಸಂಗೀತ ಹಾಕಿ ಬರೀ ವಿನ್ನರ್‌ಗಳನ್ನು ಪೋಣಿಸಿದ ವಿಡಿಯೊ ವ್ಯರ್ಥ. ಮೂರು ನಿಮಿಷ ಸರ್ವ್, ರಿಟರ್ನ್, ವಾಲಿ ತೋರಿಸಿ. ಆಮೇಲೆ ಕತ್ತರಿಸದ ಒಂದು ಪೂರ್ತಿ ಸೆಟ್ ಹಾಕಿ, ಸಮಬಲದ ಎದುರಾಳಿಯ ಜೊತೆಗಿನದ್ದು, ಸೋತದ್ದಾದರೂ ಸರಿ. ಕ್ಯಾಮೆರಾವನ್ನು ಬೇಸ್‌ಲೈನ್ ಹಿಂದಿನ ಬೇಲಿಗೆ ಎರಡೂವರೆ ಮೂರು ಮೀಟರ್ ಎತ್ತರದಲ್ಲಿ ಕಟ್ಟಿ. ಪಕ್ಕದಿಂದ ತೆಗೆದರೆ ಚೆಂಡು ಎಷ್ಟು ಆಳಕ್ಕೆ ಬಿದ್ದಿತೆಂದು ಕಾಣುವುದಿಲ್ಲ. ಕೋಚ್ ನೋಡುವ ಜಾಗಗಳು ಬೇರೆಯೇ: 30-40ರಲ್ಲಿ ಎರಡನೇ ಸರ್ವ್ ಹೇಗೆ ಬರುತ್ತದೆ, ಸುಲಭದ ಚೆಂಡು ಹಾಳು ಮಾಡಿಕೊಂಡ ಮೇಲೆ ಮುಂದಿನ 20 ಸೆಕೆಂಡ್ ಹುಡುಗ ಏನು ಮಾಡುತ್ತಾನೆ, ಹೊಡೆದ ಮೇಲೆ ಕಾಲು ನಿಂತುಬಿಡುತ್ತದೆಯೇ.

ಓದಿನ ಕಡೆ: 16 ಮುಖ್ಯ ವಿಷಯಗಳು, ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ, ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ನೋಂದಣಿ. ಶಾಲೆ ಮುಗಿಸಿ ‘ಒಂದೆರಡು ವರ್ಷ ಪ್ರೊ ಟೂರ್ನಿ ಆಡಿ ನೋಡೋಣ’ ಎನ್ನುವವರು ನೆನಪಿಡಬೇಕಾದದ್ದು ಇನ್ನೊಂದು. ಹೆಚ್ಚಿನ ಆಟಗಳಲ್ಲಿ ಕಾಲೇಜು ಸೇರಲು ಒಂದು ವರ್ಷದ ಸಡಿಲಿಕೆ ಇದ್ದರೆ ಟೆನಿಸ್‌ಗೆ ಆರೇ ತಿಂಗಳು ಎಂಬ ಬಿಗಿ ನಿಯಮ ಬಂದಿದೆ. ಅದು ದಾಟಿ ಟೂರ್ನಿ ಆಡಿದರೆ ಕಾಲೇಜಿನಲ್ಲಿ ಆಡುವ ವರ್ಷಗಳು ಕಳೆಯುತ್ತವೆ. ಕಾಲೇಜು ಸೇರುವುದನ್ನು ಮುಂದೂಡುವ ಯೋಚನೆ ಬಂದ ದಿನವೇ, ನಿಯಮಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಕಚೇರಿಯಿಂದ ಸದ್ಯದ ನಿಯಮವನ್ನು ಬರಹದಲ್ಲಿ ತರಿಸಿಕೊಳ್ಳಿ.

ಪ್ರಶ್ನೆ: ಕಾಲೇಜು ಮ್ಯಾಚ್‌ಗಳಲ್ಲಿ ಕೋಚ್ ಕೋರ್ಟ್ ಪಕ್ಕದಲ್ಲೇ ನಿಂತು ಮಾತಾಡುತ್ತಾರೆ, ಅಂಕಪದ್ಧತಿಯೂ ವಿಚಿತ್ರ. ಬಿಡಿಸಿ ಹೇಳುವಿರಾ?

ಒಟ್ಟು 7 ಅಂಕ, 4 ಮುಟ್ಟಿದವರು ಗೆದ್ದಂತೆ. ಮೊದಲು ಮೂರು ಡಬಲ್ಸ್ ಒಟ್ಟಿಗೆ ಶುರುವಾಗುತ್ತವೆ. ಪ್ರತಿಯೊಂದೂ ಆರು ಗೇಮ್‌ನ ಒಂದೇ ಸೆಟ್, 6-6 ಆದರೆ ಟೈಬ್ರೇಕ್. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ ಸಿಗುವುದು ಒಂದೇ ಅಂಕ. ಆಮೇಲೆ ಆರು ಸಿಂಗಲ್ಸ್, ಮೂರು ಸೆಟ್‌ನ ಆಟ, ತಲಾ ಒಂದು ಅಂಕ. ಡಬಲ್ಸ್ ಅಂಕ ಒಂದೇ ಅಲ್ಲವೇ ಎಂದು ಹಗುರ ಮಾಡಬೇಡಿ. ಅದನ್ನು ಗೆದ್ದವರಿಗೆ ಆರರಲ್ಲಿ ಮೂರು ಸಿಂಗಲ್ಸ್ ಸಾಕು, ಸೋತವರು ನಾಲ್ಕು ಗೆಲ್ಲಬೇಕು. ಮುಕ್ಕಾಲು ಗಂಟೆಯಲ್ಲಿ ಇಡೀ ಮಧ್ಯಾಹ್ನದ ತೂಕ ಒಂದು ಕಡೆ ವಾಲುತ್ತದೆ. ವಾರದ ಅಭ್ಯಾಸದಲ್ಲಿ ಮೂರನೇ ಒಂದು ಪಾಲಾದರೂ ಡಬಲ್ಸ್‌ಗೆ ಕೊಡದ ಕೋಚ್ ಈ ಲೆಕ್ಕವನ್ನು ಮರೆತಿದ್ದಾರೆ ಎಂದೇ ನಮ್ಮ ಅಭಿಪ್ರಾಯ.

40-40 ಆದ ಮೇಲೆ ಎರಡು ಪಾಯಿಂಟ್ ಮುನ್ನಡೆ ಬೇಕೆಂಬ ‘ಅಡ್ವಾಂಟೇಜ್’ ಇಲ್ಲ. ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ, ಯಾವ ಬದಿಯಲ್ಲಿ ರಿಟರ್ನ್ ಮಾಡಬೇಕೆಂದು ರಿಸೀವರ್ ಆರಿಸುತ್ತಾನೆ. ಪುರುಷರ ಡಿವಿಷನ್ 1ರಲ್ಲಿ ಸರ್ವ್‌ಗೆ ‘ಲೆಟ್’ ಕೂಡ ಇಲ್ಲ. ಚೆಂಡು ನೆಟ್ ಸವರಿ ಒಳಗೆ ಬಿದ್ದರೆ ಆಟ ನಡೆಯುತ್ತದೆ. ಮೊದಲ ವರ್ಷದ ಹುಡುಗ ಅಭ್ಯಾಸಬಲದಿಂದ ಕೈಯೆತ್ತಿ ನಿಂತುಬಿಡುತ್ತಾನೆ, ಪಾಯಿಂಟ್ ಹೋಗಿರುತ್ತದೆ. ಇದಕ್ಕೆ ಬೋಧನೆಗಿಂತ ಅಭ್ಯಾಸ ಮದ್ದು. ಹುಡುಗ ರಿಟರ್ನ್‌ಗೆ ನಿಂತಿರುವಾಗ ಕೋಚ್ ನೆಟ್ ಪಕ್ಕದಿಂದ ನಡುನಡುವೆ ಒಂದೊಂದು ಚೆಂಡನ್ನು ನೆಟ್ ದಾಟಿಸಿ ಸತ್ತಂತೆ ಬೀಳಿಸಬೇಕು. ಯಾವುದು ಬರುತ್ತದೆಂದು ಅವನಿಗೆ ಗೊತ್ತಿರಬಾರದು. ದಿನಕ್ಕೆ ಇಪ್ಪತ್ತು ಚೆಂಡಿನಂತೆ ಎರಡು ವಾರ ಮಾಡಿದರೆ ಮೊದಲ ಹೆಜ್ಜೆ ತಾನಾಗಿ ಮುಂದಕ್ಕೆ ಬೀಳುತ್ತದೆ.

ಇನ್ನು ಕೋಚ್ ಮಾತಿಗೆ ಬರೋಣ. ಆಟ ತಡವಾಗದಂತೆ ಪಾಯಿಂಟ್‌ಗಳ ನಡುವೆ, ಬದಿ ಬದಲಿಸುವಾಗ ಮಾತಾಡಬಹುದು. ಮೂವರು ಕೋಚ್‌ಗಳು, ಆರು ಕೋರ್ಟ್‌ಗಳು. ಹೆಡ್ ಕೋಚ್ ಮಧ್ಯಾಹ್ನವಿಡೀ ಒಂದನೇ ನಂಬರ್ ಕೋರ್ಟ್‌ಗೇ ಅಂಟಿಕೊಳ್ಳುವುದು ಸಾಮಾನ್ಯ ತಪ್ಪು. ಒಂದನೆಯವನ ಗೆಲುವಿಗೂ ಆರನೆಯವನ ಗೆಲುವಿಗೂ ಬೆಲೆ ಒಂದೇ.

ಹೀಗೆ ಊಹಿಸಿಕೊಳ್ಳಿ. ಅಂಕ 3-3. ಐದು ಕೋರ್ಟ್ ಮುಗಿದು ಆರನೆಯದು ಮಾತ್ರ ಉಳಿದಿದೆ. ಮೂರನೇ ಸೆಟ್, 5-4, 40-40, ಸರ್ವ್ ನಮ್ಮ ಹುಡುಗನದು. ಇರುವುದು 25 ಸೆಕೆಂಡ್. ಎದುರಾಳಿ ಆಗಲೇ ತನ್ನ ಎಡಬದಿಗೆ ನಡೆದಿದ್ದಾನೆ. ಹುಡುಗ ಟವೆಲ್‌ಗೆ ಕೈ ಹಾಕಿದಾಗ ಕೋಚ್ ಬಳಿ ಬಂದು ಕೇಳಬೇಕಾದದ್ದು ಒಂದೇ: “ಎಲ್ಲಿಗೆ ಹಾಕ್ತೀಯ?” ಹುಡುಗ “ಮೈಮೇಲೆ” ಅಂದರೆ “ಸರಿ, ಪೂರ್ತಿ ಬೀಸು, ಮುಂದಿನ ಚೆಂಡು ಫೋರ್‌ಹ್ಯಾಂಡಲ್ಲಿ ತಗೋ.” ಅಷ್ಟೇ. ಮೊಣಕಾಲು ಬಗ್ಗಿಸು, ಟಾಸ್ ಎತ್ತರ ಮಾಡು, ಉಸಿರು ಬಿಡು ಎಂದು ಮೂರು ಸಂಗತಿ ತುಂಬಿದರೆ ಡಬಲ್ ಫಾಲ್ಟ್ ಕೇಳಿ ಪಡೆದಂತೆ. ಕೋಚ್ ತಾನೇ ಜಾಗ ತೋರಿಸಿ ಅದು ಹುಡುಗನಿಗೆ ಒಗ್ಗದ ಸರ್ವ್ ಆಗಿದ್ದರೂ ಅದೇ ಗತಿ.

ಆ ಒಂದು ವಾಕ್ಯದ ಹಿಂದೆ ವಾರಗಟ್ಟಲೆ ಕೆಲಸ ಇರಬೇಕು. ಅಭ್ಯಾಸದಲ್ಲಿ ಪ್ರತಿ ಗೇಮನ್ನೂ 40-40ರಿಂದಲೇ ಶುರು ಮಾಡಿ ಒಂದು ಸೆಟ್ ಆಡಿಸಿ, ಬದಿ ರಿಸೀವರ್ ಆರಿಸಲಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಯಾರು ಯಾವ ಸರ್ವ್ ಹಾಕಿದ, ಒಳಗೆ ಬಿತ್ತೇ, ಪಾಯಿಂಟ್ ಯಾರದಾಯಿತು, ಈ ಮೂರನ್ನು ಬರೆದಿಡಿ. ತಿಂಗಳು ಕಳೆದರೆ ಪ್ರತಿ ಹುಡುಗನಿಗೂ ಒತ್ತಡದಲ್ಲಿ ನಂಬಬಹುದಾದ ಸರ್ವ್ ಯಾವುದೆಂದು ಆ ಹಾಳೆಯೇ ಹೇಳುತ್ತದೆ.

ಪ್ರಶ್ನೆ: ಬಲಿಷ್ಠ ಆಟಗಾರನನ್ನು ನಾಲ್ಕನೇ ಜಾಗದಲ್ಲಿ ಆಡಿಸಿ ಸುಲಭವಾಗಿ ಗೆಲ್ಲಬಹುದಲ್ಲ?

ಆಡಿಸುವಂತಿಲ್ಲ. ಸಿಂಗಲ್ಸ್ ಕ್ರಮ ಸಾಮರ್ಥ್ಯದ ಕ್ರಮವಾಗಿರಬೇಕು. ಎದುರು ತಂಡ ಆಕ್ಷೇಪ ಎತ್ತಿದರೆ ಫಲಿತಾಂಶಗಳನ್ನು ಇಟ್ಟು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಒಳಗಿನದು: ಕೋಚ್ ಕ್ರಮವನ್ನು ತಿರುಚುತ್ತಾರೆ ಎಂದು ಗೊತ್ತಾದ ಮೇಲೆ ತನ್ನ ಜಾಗ ನ್ಯಾಯದ್ದು ಎಂದು ಯಾವ ಹುಡುಗನೂ ನಂಬುವುದಿಲ್ಲ.

ಪ್ರಶ್ನೆ: ಸಹಾಯಕ ಕೋಚ್‌ಗೆ ಗಟ್ಟಿಂಗ್ ಗೊತ್ತಿರಬೇಕು ಅಂತಾರೆ. ಕೆಲಸ ಎಷ್ಟಿರುತ್ತದೆ?

ಲೆಕ್ಕ ಹಾಕಿ. ಹತ್ತು ಆಟಗಾರರು, ಸೀಸನ್‌ನಲ್ಲಿ ವಾರಕ್ಕೆ ತಲಾ ಮೂರು ರ‍್ಯಾಕೆಟ್, ಒಟ್ಟು 30. ಒಂದಕ್ಕೆ ಸುಮಾರು 12 ಮೀಟರ್ ತಂತಿ ಬೇಕು. 200 ಮೀಟರ್ ರೀಲ್‌ನಲ್ಲಿ 16 ರ‍್ಯಾಕೆಟ್ ಆಗುತ್ತವೆ, ಅಂದರೆ ವಾರಕ್ಕೆ ಹೆಚ್ಚುಕಡಿಮೆ ಎರಡು ರೀಲ್. ಕೈ ಪಳಗಿದವರಿಗೂ ಒಂದಕ್ಕೆ ಅರ್ಧ ಗಂಟೆ ಬೇಕು. ವಾರಕ್ಕೆ 15 ಗಂಟೆ ಯಂತ್ರದ ಮುಂದೆಯೇ ಹೋಯಿತು. ಯಂತ್ರದ ಪಕ್ಕ ಲ್ಯಾಪ್‌ಟಾಪ್ ಇಟ್ಟು ಜೂನಿಯರ್‌ಗಳ ವಿಡಿಯೊ ನೋಡುತ್ತಾ ಮಾಡುವುದು ರೂಢಿ.

ಪಾಲಿಯೆಸ್ಟರ್ ತಂತಿಯನ್ನು ಸಾಮಾನ್ಯವಾಗಿ 45ರಿಂದ 55 ಪೌಂಡ್ ಬಿಗಿಯಲ್ಲಿ ಹಾಕುತ್ತಾರೆ. ಅದು ತುಂಡಾಗುವ ಮೊದಲೇ ಸಾಯುತ್ತದೆ. ಹತ್ತು ಹನ್ನೆರಡು ಗಂಟೆ ಆಡಿದ ಮೇಲೆ ಬಿಗಿ ಇಳಿದು ಚೆಂಡು ಉದ್ದ ಹೋಗತೊಡಗುತ್ತದೆ. ಹುಡುಗ ತನ್ನ ಹೊಡೆತವೇ ಕೆಟ್ಟಿತೆಂದು ಬೀಸನ್ನು ಬದಲಿಸಲು ಹೊರಡುತ್ತಾನೆ. ಆದ್ದರಿಂದ ಹಿಡಿಯ ಮೇಲಿನ ಕವಲಿನಲ್ಲಿ ಚೂರು ಟೇಪ್ ಅಂಟಿಸಿ ದಿನಾಂಕ, ಬಿಗಿ ಬರೆಯಿರಿ. ‘ನನ್ನ ಫೋರ್‌ಹ್ಯಾಂಡ್ ಹೋಯ್ತು’ ಎಂದವನ ರ‍್ಯಾಕೆಟ್‌ನ ಟೇಪನ್ನು ಮೊದಲು ಓದಿ. ಒಂದು ತಂತಿ ತುಂಡಾದರೆ ಉಳಿದವನ್ನು ನಡುವಿನಿಂದ ಹೊರಕ್ಕೆ ಆಗಲೇ ಕತ್ತರಿಸಿಬಿಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಉಳಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ಚಳಿ ದಿನಕ್ಕೆ ಒಂದೆರಡು ಪೌಂಡ್ ಇಳಿಸಿ. ಸಮುದ್ರಮಟ್ಟದಿಂದ ಎತ್ತರದ ಊರಿನಲ್ಲಿ ಚೆಂಡು ಹಾರುತ್ತದೆ, ಅಲ್ಲಿಗೆ ಏರಿಸಿ.

ಚೆಂಡಿನ ಲೆಕ್ಕ ಸರಳ. ಒಂದು ಪೆಟ್ಟಿಗೆಯಲ್ಲಿ 24 ಡಬ್ಬಿ, 72 ಚೆಂಡು. ಮ್ಯಾಚ್‌ಗೆ ಡಬಲ್ಸ್‌ಗೆ 3 ಡಬ್ಬಿ, ಸಿಂಗಲ್ಸ್‌ಗೆ 6, ಎಲ್ಲ ಕೋರ್ಟ್‌ಗಳೂ ಮೂರನೇ ಸೆಟ್‌ಗೆ ಹೋದರೆ ಮತ್ತೆ 6, ಹೀಗೆ 15 ಡಬ್ಬಿ ತೆಗೆದಿಡಿ.

ಪ್ರಶ್ನೆ: ‘ಫುಲ್ ಸ್ಕಾಲರ್‌ಷಿಪ್’ ಎಂದು ಹೇಳಿ ಕೊನೆಗೆ ಅರ್ಧ ಕೊಡುತ್ತಾರೆ ಎಂಬ ದೂರು ಕೇಳಿದ್ದೇವೆ. ನಿಜವೇ?

ಪುರುಷರ ಟೆನಿಸ್‌ನಲ್ಲಿ ಪೂರ್ತಿ ಸ್ಕಾಲರ್‌ಷಿಪ್ ಅಪರೂಪವೇ. ತಂಡಕ್ಕಿದ್ದ ಮಿತಿ 4.5, ಅದನ್ನೇ ಹಂಚಬೇಕಿತ್ತು. ಉದಾಹರಣೆಗೆ ಒಬ್ಬನಿಗೆ 80%, ಮೂವರಿಗೆ 60%, ಮೂವರಿಗೆ 50%, ಒಬ್ಬನಿಗೆ 40% ಕೊಟ್ಟರೆ 4.5 ಮುಗಿಯಿತು, ಎಂಟೇ ಜನ. ಮಹಿಳೆಯರ ಟೆನಿಸ್‌ಗೆ 8 ಪೂರ್ತಿ ಸ್ಕಾಲರ್‌ಷಿಪ್ ಇದ್ದವು. 1972ರ ಟೈಟಲ್ 9 ಕಾನೂನಿನಂತೆ ಗಂಡು ಹೆಣ್ಣು ಕ್ರೀಡಾಪಟುಗಳ ನಡುವೆ ಒಟ್ಟು ಸಮತೋಲ ಇರಬೇಕು, ಪುರುಷರ ಕಡೆ 85 ಸ್ಕಾಲರ್‌ಷಿಪ್ ಅಮೆರಿಕನ್ ಫುಟ್‌ಬಾಲೊಂದಕ್ಕೇ ಹೋಗುತ್ತಿತ್ತು.

2025ರ ಜೂನ್‌ನಲ್ಲಿ ‘ಹೌಸ್’ ಪ್ರಕರಣದ (ಆಟಗಾರರಿಗೆ ಹಣ ಸಿಗಬೇಕೆಂದು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆ) ರಾಜಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕ ಮೇಲೆ, ಅದಕ್ಕೆ ಸೇರಿದ ಯೂನಿವರ್ಸಿಟಿಗಳಿಗೆ ಸ್ಕಾಲರ್‌ಷಿಪ್ ಮಿತಿ ಇಲ್ಲ, ತಂಡದ ಗಾತ್ರಕ್ಕೆ ಮಿತಿ ಬಂದಿದೆ. ಪುರುಷರ ಟೆನಿಸ್‌ಗೆ ಅದು 10. ಹತ್ತೂ ಜನರಿಗೆ ಪೂರ್ತಿ ಕೊಡಲು ಅಡ್ಡಿಯಿಲ್ಲ ಎಂದಷ್ಟೇ ಅರ್ಥ, ದುಡ್ಡಿದೆ ಎಂದಲ್ಲ. ಆಟಗಾರರಿಗೆ ನೇರವಾಗಿ ಹಂಚಬಹುದಾದ ಮೊದಲ ವರ್ಷದ ಸುಮಾರು 2.05 ಕೋಟಿ ಡಾಲರ್‌ನಲ್ಲಿ ಸಿಂಹಪಾಲು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ. ಸ್ಕಾಲರ್‌ಷಿಪ್ ಇಲ್ಲದೆ ತಂಡಕ್ಕೆ ಸೇರಿಕೊಳ್ಳುತ್ತಿದ್ದ ಸ್ಥಳೀಯ ಹುಡುಗರಿಗೆ ಜಾಗ ಕಿರಿದಾಯಿತು. ಇದು ಬೇಸರದ ಸಂಗತಿ, ಎಷ್ಟೋ ತಂಡಗಳ ಉಸಿರು ಅಂಥ ಹುಡುಗರೇ ಆಗಿದ್ದರು.

ನಿಮ್ಮ ಮಟ್ಟಿಗೆ ಮಾಡಬೇಕಾದದ್ದು: ಫೋನಿನ ಮಾತನ್ನು ನಂಬದೆ ನೆರವಿನ ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ. ಇಂಥ ಕಾಲೇಜಿಗೇ ಸೇರುತ್ತೇನೆಂದು ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲೇ ರದ್ದಾಗಿದೆ, ಈಗ ಲೆಕ್ಕಕ್ಕೆ ಬರುವುದು ಈ ಒಪ್ಪಂದ. ಶೇಕಡಾವಾರು ಯಾವುದರ ಮೇಲೆ, ಬರೀ ಟ್ಯೂಷನ್ ಮೇಲೋ ಊಟ ವಸತಿ ಸೇರಿಯೋ? ಎಷ್ಟು ವರ್ಷಕ್ಕೆ? ಗಾಯವಾದರೆ ಮುಂದುವರಿಯುತ್ತದೆಯೇ? ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಷಿಪ್ಪೇ ಇಲ್ಲ, ಓದಿನದು ಮಾತ್ರ. ಎಷ್ಟೋ ಸಲ ಆ ಓದಿನ ನೆರವೇ ಡಿವಿಷನ್ 1ರ 40%ಗಿಂತ ದೊಡ್ಡದಾಗಿರುತ್ತದೆ.

ಪ್ರಶ್ನೆ: ಇದರಲ್ಲಿ ಉದ್ಯೋಗ ಭದ್ರತೆ ಇದೆಯೇ?

ಎರಡೂ ತುದಿಗಳಿವೆ. ಜೂನಿಯರ್ ಕಾಲೇಜಿನಿಂದ ಸ್ಟ್ಯಾನ್‌ಫರ್ಡ್‌ಗೆ ಬಂದ ಡಿಕ್ ಗೌಲ್ಡ್ 2004ರವರೆಗೆ 38 ವರ್ಷ ಅಲ್ಲೇ ಇದ್ದು 17 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಪೀಟರ್ ಸ್ಮಿತ್ ಲಾಂಗ್ ಬೀಚ್ ಸ್ಟೇಟ್, ಫ್ರೆಸ್ನೊ ಸ್ಟೇಟ್, ಪೆಪ್ಪರ್‌ಡೈನ್ ದಾಟಿ ಯುಎಸ್‌ಸಿ ಸೇರಿ ಐದು ಗೆದ್ದರು. ಬ್ರಯಾನ್ ಶೆಲ್ಟನ್ ಜಾರ್ಜಿಯಾ ಟೆಕ್ ಮಹಿಳಾ ತಂಡಕ್ಕೆ 2007ರಲ್ಲಿ, ಫ್ಲೋರಿಡಾ ಪುರುಷರಿಗೆ 2021ರಲ್ಲಿ ಪ್ರಶಸ್ತಿ ತಂದು, 2023ರಲ್ಲಿ ಮಗ ಬೆನ್‌ಗೆ ಕೋಚ್ ಆಗಲು ಕೆಲಸ ಬಿಟ್ಟರು. ಇನ್ನೊಂದು ತುದಿಯಲ್ಲಿ, 2020ರಲ್ಲಿ ಅಯೋವಾ, ಮಿನ್ನೆಸೋಟ ಯೂನಿವರ್ಸಿಟಿಗಳು ಪುರುಷರ ಟೆನಿಸ್ ತಂಡವನ್ನೇ ಮುಚ್ಚುವುದಾಗಿ ಘೋಷಿಸಿದವು. ಎಷ್ಟು ಚೆನ್ನಾಗಿ ಕೋಚ್ ಮಾಡಿದರೂ ಅದನ್ನು ತಡೆಯಲು ಆಗುವುದಿಲ್ಲ. ತಂಡಕ್ಕೆ ಸ್ವಂತ ದತ್ತಿನಿಧಿ ಇದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಒಪ್ಪಂದದಲ್ಲಿ ಅವಧಿ, ತಂಡ ಮುಚ್ಚಿದರೆ ಸಿಗುವ ಪರಿಹಾರ, ಬೇಸಿಗೆ ಕ್ಯಾಂಪ್ ನಡೆಸುವ ಹಕ್ಕು, ಆ ಕ್ಯಾಂಪ್‌ಗೆ ಕೋರ್ಟ್ ಬಾಡಿಗೆ ಎಷ್ಟು, ಇವನ್ನು ನೋಡಿ.

ಹುಡುಗರ ಓದು ಕೂಡ ನಿಮ್ಮ ಕೆಲಸವನ್ನು ಕಾಯುತ್ತದೆ. ಎಪಿಆರ್ ಎಂಬ ಅಳತೆಯಲ್ಲಿ ನೆರವು ಪಡೆಯುವ ಪ್ರತಿ ಆಟಗಾರನಿಗೂ ಸೆಮಿಸ್ಟರ್‌ಗೆ ಎರಡು ಅಂಕ: ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು, ಕಾಲೇಜಿನಲ್ಲೇ ಉಳಿದರೆ ಒಂದು. ಎಂಟು ಜನರ ತಂಡಕ್ಕೆ ವರ್ಷಕ್ಕೆ 32. ಒಬ್ಬ ಫೇಲಾಗಿ ಬಿಟ್ಟುಹೋದರೆ 32ಕ್ಕೆ 30, ಅಂದರೆ 1000ಕ್ಕೆ 938. ಇನ್ನೊಂದು ಅಂಕ ಹೋದರೆ 906. ನಾಲ್ಕು ವರ್ಷದ ಸರಾಸರಿ 930ಕ್ಕಿಂತ ಕೆಳಗಿಳಿದರೆ ಮೇ ತಿಂಗಳ ಟೂರ್ನಿಗೇ ಪ್ರವೇಶವಿಲ್ಲ. ನೂರು ಜನರ ಫುಟ್‌ಬಾಲ್ ತಂಡ ತಡೆದುಕೊಳ್ಳುವ ಪೆಟ್ಟನ್ನು ಎಂಟು ಜನರ ತಂಡ ತಡೆಯಲಾರದು.

ಪ್ರಶ್ನೆ: ನನ್ನ ತಮ್ಮ ತಂಡದಲ್ಲಿದ್ದಾನೆ, ಆದರೆ ಒಂದು ವರ್ಷದಿಂದ ಮ್ಯಾಚ್ ಆಡಿಲ್ಲ. ಮಾತು ಕಡಿಮೆ ಮಾಡಿದ್ದಾನೆ. ಇಂಥವರಿಗೆ ಕೋಚ್ ಏನು ಮಾಡಬೇಕು?

ಹತ್ತು ಜನರಲ್ಲಿ ಸಿಂಗಲ್ಸ್ ಆಡುವವರು ಆರು. ಊರಲ್ಲಿ ಚಾಂಪಿಯನ್ ಆಗಿ ಬೆಳೆದ ನಾಲ್ವರು ಪ್ರತಿ ಶುಕ್ರವಾರ ಬೇಲಿಯ ಹೊರಗೆ ನಿಲ್ಲುತ್ತಾರೆ. ಒಳ್ಳೆಯ ಕೋಚ್ ಯಾರೆಂದು ಗೊತ್ತಾಗುವುದು ಈ ನಾಲ್ವರ ವಿಷಯದಲ್ಲೇ ಎಂದು ನಾವು ಗಟ್ಟಿಯಾಗಿ ನಂಬುತ್ತೇವೆ.

ಪಟ್ಟಿಯನ್ನು ಗುಂಪಿಗೆ ಮೆಸೇಜ್ ಮಾಡುವ ಮೊದಲು ಜಾಗ ಸಿಗದವನನ್ನು ಕರೆದು ಮುಖ ನೋಡಿ ಹೇಳಬೇಕು, ಕನಿಷ್ಠ ಒಂದು ದಿನ ಮುಂಚೆ. ಕಾರಣ ಸ್ಪಷ್ಟವಾಗಿರಬೇಕು. ‘ಇನ್ನೂ ಸುಧಾರಿಸಬೇಕು’ ಎಂಬುದು ಕಾರಣವಲ್ಲ. ‘ಎರಡನೇ ಸರ್ವ್ ಸರ್ವೀಸ್ ಬಾಕ್ಸ್‌ನ ಮೊದಲರ್ಧದಲ್ಲೇ ಬೀಳುತ್ತಿದೆ, ಅದನ್ನು ಸರಿಮಾಡೋಣ’ ಎಂಬುದು ಕಾರಣ. ಆಮೇಲೆ ಮುಂದಿನ ಪರೀಕ್ಷಾ ಪಂದ್ಯದ ತಾರೀಕು ಹೇಳಬೇಕು, ಯಾರ ಜೊತೆ ಎಂಬುದನ್ನೂ. ತಾರೀಕಿಲ್ಲದ ಕಾಯುವಿಕೆಯೇ ಹುಡುಗರನ್ನು ಒಳಗೊಳಗೆ ತಿನ್ನುವುದು. ಎದುರು ತಂಡ ಒಪ್ಪಿದರೆ ಅಂಕಕ್ಕೆ ಸೇರದ ಏಳನೇ, ಎಂಟನೇ ಪಂದ್ಯ ಇಡಿಸಬಹುದು. ಮ್ಯಾಚ್ ದಿನ ಕೈಗೆ ನಿಜವಾದ ಕೆಲಸ ಕೊಡಬೇಕು: ಒಂದನೆಯವನಿಗೆ ವಾರ್ಮ್‌ಅಪ್ ಆಡಿಸುವುದು, ಎದುರಾಳಿಯ ಸರ್ವ್ ಗುರುತು ಹಾಕಿ ಸೆಟ್ ನಡುವೆ ಕೋಚ್‌ಗೆ ತಿಳಿಸುವುದು.

ತಮ್ಮನಿಗೆ ಹೇಳಿ, ಕೋಚ್ ಹತ್ತಿರ ಹದಿನೈದು ನಿಮಿಷ ಸಮಯ ಕೇಳಲಿ. “ನಾನು ಯಾಕೆ ಆಡುತ್ತಿಲ್ಲ?” ಎಂಬುದಕ್ಕಿಂತ “ಆರನೇ ಜಾಗಕ್ಕೆ ಬರಲು ಮುಂದಿನ ಆರು ವಾರದಲ್ಲಿ ಯಾವ ಎರಡು ಸಂಗತಿ ಸರಿಹೋಗಬೇಕು?” ಎಂದು ಕೇಳಲಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಲಿ. ಮಾತು ಕಡಿಮೆಯಾಗಿ ನಿದ್ದೆ, ಊಟವೂ ಕೆಟ್ಟಿದ್ದರೆ ಅದು ಟೆನಿಸ್ ಮಾತಲ್ಲ. ತಂಡದ ಅಥ್ಲೆಟಿಕ್ ಟ್ರೇನರ್‌ಗೆ ಹೇಳಿದರೆ ಯೂನಿವರ್ಸಿಟಿಯ ಆಪ್ತಸಲಹೆಗಾರರಲ್ಲಿಗೆ ಕಳಿಸುತ್ತಾರೆ. ನೀವು ಇಂದೇ ಫೋನ್ ಮಾಡಿ, ಸ್ಕೋರ್ ಕೇಳಬೇಡಿ.